ಎಡಗಡೆ ಅಂಚಿನ ನೆರಳು

ಸುಳ್ಳು ಹೇಳಿದ್ದಕ್ಕಲ್ಲ, ಅದನ್ನು ಅಷ್ಟು ಸಲೀಸಾಗಿ ಹೇಳಿಬಿಟ್ಟೆನಲ್ಲ ಎಂದು ಬಸ್ಸಿನಲ್ಲಿ ಕೂತ ಮೇಲೆ ಅವನಿಗೆ ಕಸಿವಿಸಿಯಾಗತೊಡಗಿತು. ಬಾಗಿಲ ಬಳಿ ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದಾಗ ಅಕ್ಕನ ಮಗಳು ಹಿಂದೆ ಬಂದು ನಿಂತಿದ್ದಳು. ಕೈಯಲ್ಲಿ ಮಾಂಗಾದ, ಅಂದರೆ ಜಪಾನಿ ಚಿತ್ರಕಥೆಯ, ಕೊನೆಯ ಸಂಪುಟ, ಕೊನೆಯ ಪುಟದೊಳಗೆ ಬೆರಳು. "ಮಾವ, ಇಲ್ಲಿ ಎಡಗಡೆ ಅಂಚಿಗೆ ಒಂದು ನೆರಳಿದೆಯಲ್ಲ, ಯಾರದು ಇದು?" ಎಂದಳು. ಅವನು ತಲೆ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಆ ಪುಟವನ್ನು ಅವನಷ್ಟು ಹೊತ್ತು ನೋಡಿದವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ. "ಪ್ರಿಂಟಿನ ಕಲೆ ಇರಬೇಕು ಬಿಡು," ಎಂದ. "ಓ, ಕಲೆನಾ," ಎಂದಳು. ಸ್ವಲ್ಪ ತಡೆದು, "ಸರಿ ಹಾಗಾದ್ರೆ," ಎಂದಳು. ಆ 'ಸರಿ ಹಾಗಾದ್ರೆ'ಯನ್ನು ಅವನು ಬಸ್ಸಿನ ಕಂಬಿ ಹಿಡಿದುಕೊಂಡು ಮತ್ತೆ ಮತ್ತೆ ಕೇಳಿಸಿಕೊಂಡ. ಅಂಗಡಿಯವನು ಸಾಮಾನು ಇಲ್ಲ ಎಂದಾಗ ಗಿರಾಕಿ ಹೇಳುವ ಮಾತು ಅದು. ಇನ್ನೊಂದು ಅಂಗಡಿ ನೋಡುತ್ತೇನೆ ಎನ್ನುವ ಗಿರಾಕಿಯಲ್ಲ, ಇವತ್ತಿಗೆ ಅಡುಗೆಯನ್ನೇ ಕೈಬಿಟ್ಟ ಗಿರಾಕಿ. ಮನೆಯಲ್ಲಿ ಅವಳನ್ನು ಕರೆಯುವುದು 'ಇಣುಕಿ' ಎಂದು. ಅಕ್ಕ ಸತ್ತ ವರ್ಷ ಒಂದು ಚೀಲ ಬಟ್ಟೆಯ ಜೊತೆ ಬಂದವಳು ಮೊದಲ ಕೆಲವು ತಿಂಗಳು ಬಾಗಿಲ ಸಂದಿನಿಂದಲೇ ಮನೆಯನ್ನು ನೋಡುತ್ತಿದ್ದಳು. ಈಗ ಹದಿನೇಳು. ಹೆಸರಿಗೆ ತಕ್ಕ ಹಾಗೆ ಯಾವ ಚಿತ್ರ ಕೊಟ್ಟರೂ ನಡುವೆ ನೋಡುವುದಿಲ್ಲ, ಮೂಲೆ ನೋಡುತ್ತಾಳೆ. ಇಷ್ಟು ಜನ ಓದಿದ ಪುಸ್ತಕದಲ್ಲಿ ಇಷ್ಟು ದಿನ ಯಾರ ಕಣ್ಣಿಗೂ ಬೀಳದ ನೆರಳು ಅವಳ ಕಣ್ಣಿಗೇ ಬಿತ್ತು. ಇನ್ನೂ ಏನೋ ಒಂದು ಬೆಳಿಗ್ಗೆಯ ಊಟದ ಮೇಜಿನಲ್ಲಿ ಎಂದಿನಂತೆ ನಡೆಯಲಿಲ್ಲ ಎಂದು ಅವನಿಗೆ ಅನಿಸುತ್ತಿತ್ತು. ಏನೆಂದು ನೆನಪಾಗಲಿಲ್ಲ. ಹಲ್ಲಿನ ಸಂದಿನಲ್ಲಿ ಸಿಕ್ಕಿಕೊಂಡ ನಾರಿನಂತೆ ಅದು ನಾಲಿಗೆಗೆ ಸಿಗುತ್ತಿತ್ತು, ಬರುತ್ತಿರಲಿಲ್ಲ.

ಎದುರು ಸೀಟಿನಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಅದೇ ಸಂಪುಟ ಓದುತ್ತಿದ್ದಳು. ಬಲಗೈಯಲ್ಲಿ ದಪ್ಪ ಕಟ್ಟು, ಎಡಗೈಯಲ್ಲಿ ತೆಳುವಾದ ಕೆಲವೇ ಪುಟ. ಮಾಂಗಾ ಬಲದಿಂದ ಎಡಕ್ಕೆ ಓದುವ ಪುಸ್ತಕವಾದ್ದರಿಂದ ಹತ್ತಿರ ಬಂದ ಕೊನೆ ಎಡಗೈಯಲ್ಲಿರುತ್ತದೆ. ಅವನು ಬೇಡ ಬೇಡವೆಂದರೂ ಅವಳ ಎಡಗೈಯನ್ನೇ ನೋಡಿದ. ದೀಪಸ್ತಂಭ ಕಾಯುವ ಮುದುಕ ಈಗ ಕೆಮ್ಮುತ್ತಿರುತ್ತಾನೆ. ಕಡಲು ತಂದು ಹಾಕಿದ ಕೂಸನ್ನು ಇಪ್ಪತ್ತು ಸಂಪುಟದುದ್ದ ಬೆಳೆಸಿದವನು ಈಗ ದೀಪದ ಗಾಜು ಒರೆಸಲಾರದೆ ಬಟ್ಟೆ ಕೆಳಗಿಡುತ್ತಾನೆ. ಹುಡುಗಿ ಪುಟ ತಿರುಗಿಸಿದಳು. ಇನ್ನೊಂದು. ಕೊನೆಯ ಪುಟದಲ್ಲಿ ಅವಳ ಕಣ್ಣು ನಿಂತಿತು. ಮುಖದಲ್ಲಿ ಯಾವುದೋ ಗಂಟು ಬಿಚ್ಚಿಕೊಂಡ ಹಾಗೆ ತುಟಿ ಸಡಿಲವಾಯಿತು, ಕಣ್ಣು ತುಂಬಿದವು. ಪುಸ್ತಕ ಮುಚ್ಚಿ ಎದೆಗೆ ಒತ್ತಿಕೊಂಡು ಕಿಟಕಿಯಾಚೆ ನೋಡತೊಡಗಿದಳು. ಕಾಲೇಜಿನ ಗೇಟು ಬಂತು, ಹೋಯಿತು. ಕಂಡಕ್ಟರ್ "ಇಳೀಬೇಕಿತ್ತಲ್ವೇನಮ್ಮಾ?" ಎಂದರೆ ಅವಳು ಹಸನ್ಮುಖಿಯಾಗಿ ತಲೆ ಅಲ್ಲಾಡಿಸಿದಳು, ಇಳಿಯಲಿಲ್ಲ. ಅದೇ ನಗು ಹದಿನೈದು ದಿನದಿಂದ ಅವನ ಮನೆಯಲ್ಲಿ ಓಡಾಡುತ್ತಿತ್ತು. ಜಗಳವಿಲ್ಲ, ಬಾಗಿಲು ದಡಾರನೆ ಹಾಕುವುದಿಲ್ಲ, ಟವೆಲ್ಲು ಹಾಸಿಗೆಯ ಮೇಲೆ ಎಸೆಯುವುದಿಲ್ಲ. ಹೆಂಡತಿ ಮೊನ್ನೆ, "ನಿಮ್ಮ ಇಣುಕಿ ದೊಡ್ಡವಳಾಗಿಬಿಟ್ಟಳು ಕಣ್ರೀ, ಹೇಳಿದ್ದೆಲ್ಲ ಹೂಂ ಅಂತಾಳೆ," ಎಂದಿದ್ದಳು. ಅವನೂ ಹೂಂ ಎಂದಿದ್ದ.

ಅವನ ಕೆಲಸ ಗುಳ್ಳೆ ತುಂಬುವುದು. ಚಿತ್ರದಲ್ಲಿರುವವರ ಬಾಯಿಂದ ಹೊರಡುವ ಬಿಳಿ ಗುಳ್ಳೆಗಳಲ್ಲಿ ಮೂಲದ ಅಕ್ಷರ ಅಳಿಸಿ ಕನ್ನಡ ಕೂರಿಸಬೇಕು. ಕಚೇರಿಯಲ್ಲಿ ಅವನಿಗೆ 'ಗುಳ್ಳೆ ಡಾಕ್ಟರು' ಎಂದು ಅಡ್ಡಹೆಸರು; ಮೊಡವೆ ಎದ್ದವರು ಅವನ ಮೇಜಿನ ಮುಂದೆ ನಿಂತು ಗಲ್ಲ ತೋರಿಸಿ, "ಇದಕ್ಕೆ ಏನು ತುಂಬ್ತೀರಾ ಡಾಕ್ಟ್ರೇ?" ಎಂದು ನಗುವುದುಂಟು. ಪುಸ್ತಕದಲ್ಲಿ ಎಲ್ಲರ ಹೆಸರೂ ಇರುತ್ತದೆ, ಅವನದಿರುವುದಿಲ್ಲ. ಮೂಲದ ಬರವಣಿಗೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಹಾಗಾಗಿ ಗುಳ್ಳೆಗಳೂ ಬಾವಿಯಂತೆ ಉದ್ದ, ಕಿರಿದು. ಕನ್ನಡ ಕೈಕಾಲು ಚಾಚಿ ಮಲಗುವ ಭಾಷೆ. ಅಕ್ಷರದ ಮೇಲೆ ಗುಡಿಸಿಗೆ ಜಾಗ ಬೇಕು, ಕೆಳಗೆ ಒತ್ತಿಗೆ ಜಾಗ ಬೇಕು. ಆ ಬಾವಿಯೊಳಗೆ ಅದನ್ನು ಇಳಿಸುವಾಗ ಎಲ್ಲಾದರೂ ಮೂಳೆ ಮುರಿಯಲೇಬೇಕು. ಎಲ್ಲಿ ಮುರಿದರೆ ಓದುವವರಿಗೆ ನೋಯುವುದಿಲ್ಲ ಎಂದು ಅವನಿಗೆ ಹೇಳಿಕೊಟ್ಟವಳು ಇಣುಕಿಯೇ. ಆಗ ಅವಳಿಗೆ ಒಂಬತ್ತು ವರ್ಷ. ಹಾಳೆಗಳನ್ನು ಮನೆಗೆ ತಂದು ನೆಲದ ಮೇಲೆ ಹರಡುತ್ತಿದ್ದ. ಅವಳು ಹೊಟ್ಟೆಯ ಮೇಲೆ ಮಲಗಿ, ಸಾಲು ಮುರಿದಲ್ಲೆಲ್ಲ ಉಸಿರು ನಿಲ್ಲಿಸಿ ಜೋರಾಗಿ ಓದುತ್ತಿದ್ದಳು. 'ತಿಂದು' ಎಂದು ನಿಲ್ಲಿಸಿ 'ಬಿಟ್ಟೆ' ಎಂದು ಓದಿ, "ತಿಂದನೋ ಬಿಟ್ಟನೋ ಸರಿಯಾಗಿ ಹೇಳೋಕೆ ಹೇಳಿ ಮಾವ ಅವನಿಗೆ," ಎಂದು ಉರುಳಾಡಿ ನಗುತ್ತಿದ್ದಳು. ದೀಪದ ಮುದುಕನ ಕಥೆಯ ಎರಡನೆಯ ಸಂಪುಟದಲ್ಲಿ ಒಂದು ಗುಳ್ಳೆ ಬಂತು. ರೇಷನ್ನು ತರುವ ದೋಣಿಯ ಹೆಂಗಸು ಕೂಸಿನ ಕಡೆ ಬೆರಳು ತೋರಿಸಿ ಕೇಳುತ್ತಾಳೆ, ಮುದುಕ 'ಸಾಕುಮಗಳು' ಎನ್ನುತ್ತಾನೆ. ಗುಳ್ಳೆ ಕಿರಿದು. ಅವನು ಮುರಿದಿದ್ದ. "ಸಾಕು," ಎಂದು ಓದಿದಳು ಇಣುಕಿ. ಉಸಿರು ನಿಲ್ಲಿಸಿದಳು. "ಮಗಳು." ನಕ್ಕಳು. ನಗು ಮುಗಿದ ಮೇಲೆ, ಹಾಳೆಯಿಂದ ಕಣ್ಣೆತ್ತದೆ, "ನಾನೂ ಅದೇ ಅಲ್ವಾ ಮಾವ?" ಎಂದಳು. ಅವನು ಏನು ಹೇಳಿದ? ಏನೋ ಹೇಳಿದ. ಅವಳ ಜುಟ್ಟು ಎಳೆದು ಮುಂದಿನ ಹಾಳೆ ಕೊಟ್ಟಿರಬೇಕು. ಅಲ್ಲಿಂದ ಮುಂದೆ ಪ್ರತಿ ಸಂಪುಟವನ್ನೂ ಅವಳು ಹಾಗೇ ಓದಿ ಪಾಸು ಮಾಡಿದ್ದಾಳೆ. ಕೊನೆಯದೊಂದನ್ನು ಬಿಟ್ಟು. ಕೊನೆಯದನ್ನು ಅವನು ಮನೆಗೆ ತರಲಿಲ್ಲ. ಸಮಯವಿರಲಿಲ್ಲ ಎಂದು ಅವಳಿಗೆ ಹೇಳಿದ. ತನಗೂ ಹಾಗೇ ಹೇಳಿಕೊಂಡ.

ಮಧ್ಯಾಹ್ನದ ಮೇಲೆ ಕಚೇರಿಯಲ್ಲಿ ಕೇಕು ತಂದಿದ್ದರು. ಕೊನೆಯ ಸಂಪುಟದ ಪ್ರತಿಗಳು ಮುಗಿದು ಮರುಮುದ್ರಣದ ಕಡತ ಇವತ್ತು ಸಂಜೆ ಪ್ರೆಸ್ಸಿಗೆ ಹೋಗಬೇಕಿತ್ತು. ಸಂಪಾದಕಿ ಫೋನು ಎತ್ತಿ ಹಿಡಿದು, "ಕೇಳ್ರೀ ಎಲ್ಲರೂ, ಡಾಕ್ಟ್ರೇ ನೀವೂ ಬನ್ನಿ, ಕೇಕು ಓಡಿಹೋಗಲ್ಲ," ಎಂದು ಕೂಗಿದಳು. ಓದುಗರ ಯಾವುದೋ ಕೂಟ ಒಂದು ಪಟ್ಟಿ ಮಾಡಿತ್ತಂತೆ: ಓದಿ ಮುಗಿಸಿದ ಮೇಲೆ ಮನಸ್ಸು ತುಂಬಿ ಬರುವ ಮಾಂಗಾಗಳು. "ಯಾರು ಮೊದಲು ಹೇಳಿ ನೋಡೋಣ?" ಎಂದು ತಾನೇ ಉತ್ತರ ಹೇಳಿದಳು. ಚಪ್ಪಾಳೆ ಬಿತ್ತು. ಅವಳು ಒಂದೊಂದೇ ಅಭಿಪ್ರಾಯ ಓದತೊಡಗಿದಳು. ಒಬ್ಬ ಓದಿ ಮುಗಿಸಿ ಗಂಟೆಗಟ್ಟಲೆ ಗೋಡೆ ನೋಡುತ್ತ ಕೂತನಂತೆ. ಒಬ್ಬಳಿಗೆ ಇನ್ನು ಬೇರೆ ಪುಸ್ತಕವೇ ಬೇಡ ಎನಿಸಿತಂತೆ. ಇನ್ನೊಬ್ಬರದು: ಸಾಯುವ ಮುದುಕ ಮಗಳನ್ನು ನೋಡಿ 'ಸಾಕು' ಎನ್ನುತ್ತಾನೆ, ಮಗಳು ಒಬ್ಬಳೇ ಬಿಳಿ ಮಂಜಿನೊಳಗೆ ನಡೆದುಹೋಗುತ್ತಾಳೆ; ಒಂದೇ ಪದದಲ್ಲಿ ಇಡೀ ಬದುಕಿನ ತೃಪ್ತಿ ಹೇಳಿದ ಅನುವಾದಕರಿಗೆ ದೊಡ್ಡ ನಮಸ್ಕಾರ. ಅವನು ಕೇಕನ್ನು ಬಾಯಲ್ಲಿಟ್ಟುಕೊಂಡು ನುಂಗಲು ಮರೆತ. ಹೆಮ್ಮೆ ಪಡಬೇಕಾದ ಹೊತ್ತು. ಆ ಮಾತನ್ನು ಒಂದೇ ಪದವಾಗಿಸಿದವನು ಅನುವಾದಕನಲ್ಲ, ತಾನು ಎಂದು ಮೊದಲ ವಾರ ಗುಟ್ಟಾಗಿ ಹೆಮ್ಮೆ ಪಟ್ಟಿದ್ದೂ ಉಂಟು. ಸಂಪಾದಕಿ ಇನ್ನೊಂದು ಓದಿದಳು: "ಎಲ್ಲರೂ ಅತ್ತೆ, ಅತ್ತೆ ಅಂತ ಬರೆದಿದೀರಿ." ಮೂಲೆಯಿಂದ ಮುಖಪುಟ ಮಾಡುವವನು, "ಯಾರಪ್ಪ ಅದು, ಮಾವ ಅಂತ ಯಾರೂ ಬರೆದಿಲ್ವಾ?" ಎಂದ. ಎಲ್ಲರೂ ನಕ್ಕರು. "ಥೂ, ತಮಾಷೆ ಬಿಡ್ರೀ, ಪೂರ್ತಿ ಕೇಳಿ. ಎಲ್ಲರೂ ಅತ್ತೆ ಅತ್ತೆ ಅಂತ ಬರೆದಿದೀರಿ. ನನಗೆ ಅಳು ಬರಲಿಲ್ಲ. ನನಗೆ ಅಪ್ಪಣೆ ಸಿಕ್ಕ ಹಾಗಾಯ್ತು." ಯಾರೂ ನಗಲಿಲ್ಲ. "ಅಬ್ಬಾ," ಎಂದಳು ಸಂಪಾದಕಿ, "ಹೆಸರಿಲ್ಲ ನೋಡಿ, ಆದ್ರೆ ಏನು ಮಾತು! ಇದನ್ನ ಹಿಂದಿನ ರಟ್ಟಿಗೆ ಹಾಕೋಣ. ಡಾಕ್ಟ್ರೇ, ಇವತ್ತೇ ಕೂರಿಸಿಬಿಡಿ."

ಆಗ ಹಲ್ಲಿನ ಸಂದಿನ ನಾರು ಹೊರಬಂತು. ಅಪ್ಪಣೆ. ಮನೆಯಲ್ಲಿ ಊಟ ಮುಗಿದು ಏಳುವಾಗ ಇಣುಕಿ ಎದೆಗೆ ಕೈಯಿಟ್ಟು, ನಾಟಕದ ಮಂತ್ರಿಯ ಹಾಗೆ ಬಗ್ಗಿ, "ಅಪ್ಪಣೆಯೇ ಮಾವ?" ಎನ್ನುತ್ತಾಳೆ, ಅವನು ರಾಜನ ಹಾಗೆ ಎರಡು ಬೆರಳು ಅಲ್ಲಾಡಿಸುತ್ತಾನೆ. ಬಾಗಿಲ ಸಂದಿನಿಂದ ಹೊರಬಂದ ದಿನಗಳಲ್ಲಿ ಶುರುವಾದ ಆಟ, ಜಗಳವಾಡಿದ ದಿನವೂ ತಪ್ಪಿರಲಿಲ್ಲ. ಇವತ್ತು ಬೆಳಿಗ್ಗೆ ಅವಳು ಕೇಳದೆ ಎದ್ದುಹೋಗಿದ್ದಳು. ತಟ್ಟೆ ತೊಳೆದಳು, ಒರೆಸಿ ಸ್ಟ್ಯಾಂಡಿನಲ್ಲಿಟ್ಟಳು, ಕೇಳಲಿಲ್ಲ. ಅವನು ಮೇಜಿಗೆ ಹಿಂದಿರುಗಿ ಕೂತ. ಊರಿನಲ್ಲಿ ಆ ಪದ ಬಳಸುವವರು ಸಾವಿರ ಜನ ಇರಬಹುದು. ಅಪ್ಪಣೆ ಏನು ಇಣುಕಿಯ ಸ್ವಂತ ಆಸ್ತಿಯೇ? ಪರದೆಯ ಮೇಲೆ ಕೊನೆಯ ಪುಟ ತೆರೆದೇ ಇತ್ತು. ಮುದುಕ, ಹಾಸಿಗೆ, ಗುಳ್ಳೆ. ಅದರ ಕೆಳಗೆ ಪುಟದಗಲದ ಬಿಳಿ ಮಂಜು, ಮಂಜಿನಲ್ಲಿ ಹುಡುಗಿಯ ಬೆನ್ನು. ಎಡಗಡೆ, ಕಣ್ಣು ಕೊನೆಗೆ ಹೋಗಿ ತಂಗುವ ಅಂಚಿನಲ್ಲಿ, ಒಂದು ಬೂದುಬಣ್ಣದ ನೆರಳು. ಸೊಂಟದ ಮೇಲೆ ಕೈಯಿಟ್ಟು ನಿಂತ ಹೆಂಗಸಿನದು. ಇಪ್ಪತ್ತು ಸಂಪುಟದುದ್ದ ಆ ಕೂಸಿಗೆ ಒಂದು ಒಳ್ಳೆಯ ಮಾತನ್ನೂ ಆಡದ ದೋಣಿಯ ಹೆಂಗಸು. ಅನುವಾದಕ ಕಳಿಸಿದ ಹಾಳೆಯಲ್ಲಿ ಮುದುಕನ ಕೊನೆಯ ಮಾತು ಇದ್ದದ್ದು ಅವಳಿಗೆ: 'ಇವಳನ್ನು ಸಾಕು.'

"ನಮ್ಮ 'ಇವಳನ್ನು' ಎಲ್ಲಿ ಹೋದಳು ಡಾಕ್ಟ್ರೇ?" ಕಿವಿಯ ಹತ್ತಿರ ಯಾರೋ ಪಿಸುಗುಟ್ಟಿದರು. ಅನುವಾದಕ. ನಿವೃತ್ತ ಮೇಷ್ಟ್ರು, ಪ್ರತಿ ಸಂಪುಟಕ್ಕೂ ಅಲ್ಪವಿರಾಮದ ತಪ್ಪುಗಳನ್ನು ಪುಟಗಟ್ಟಲೆ ಬರೆದು ಕಳಿಸುವುದರಿಂದ ಅವರ ಹೆಸರೇ ಅಲ್ಪವಿರಾಮ ಎಂದಾಗಿತ್ತು. ಈ ಬಾರಿ ಅವರಿಂದ ಒಂದು ಸಾಲೂ ಬಂದಿರಲಿಲ್ಲ. ಕೇಕಿನ ತಟ್ಟೆ ಹಿಡಿದು ನಿಂತಿದ್ದರು, ಮೀಸೆಗೆ ಕೆನೆ ಅಂಟಿತ್ತು. "ಗುಳ್ಳೆ ಸಣ್ಣದಾಯ್ತೇನು?" ಎಂದರು. "ಹೂಂ ಸಾರ್. ಸಣ್ಣದಾಯ್ತು." "ನಾನು ಜಗಳಕ್ಕೆ ಬಂದಿಲ್ಲ ಮಾರಾಯ್ರೆ. ಮೊನ್ನೆ ಒಬ್ಬಳು ಹುಡುಗಿ ರಸ್ತೇಲಿ ನಿಲ್ಲಿಸಿ ಕೈ ಹಿಡ್ಕೊಂಡು ಅತ್ತಳು. ಸಾಕು ಅನ್ನೋದನ್ನ ಕಲಿಸಿದ್ರಿ ಸಾರ್ ಅಂದಳು. ನಾನು ಕಲಿಸಿದ್ದು ಅದಲ್ಲವಲ್ಲಮ್ಮ, ಅದು ಇನ್ನೊಂದು ಸಾಕು, ಅಂತ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಜೀವಮಾನ ಪೂರ್ತಿ ಪಾಠ ಹೇಳಿದೆ, ಯಾವನೂ ಅತ್ತಿರಲಿಲ್ಲ." ಮೀಸೆ ಒರೆಸಿಕೊಂಡರು. "ಆದ್ರೂ ಒಂದು ಮಾತು. ಆ ಹೆಂಗಸಿನ ನೆರಳಿಗೆ ಈಗ ಕೆಲಸವೇ ಇಲ್ಲ ಅಲ್ವಾ? ಪಾಪ, ಕರೆಯದೆ ಬಂದ ನೆಂಟರ ಹಾಗೆ ನಿಂತಿದೆ." ನಕ್ಕರು. ಅವನ ಮುಖ ನೋಡಿ ನಗು ನಿಲ್ಲಿಸಿ, ಇನ್ನೊಂದು ಚೂರು ಕೇಕು ಸಿಗುತ್ತದೋ ನೋಡುತ್ತೇನೆಂದು ಹೋದರು.

ಗುಳ್ಳೆ ಸಣ್ಣದಾಯಿತು. ಹೇಳಿದ ಕೂಡಲೇ ಅದು ನಿಜವೋ ಎಂದು ನೋಡುವ ಹುಚ್ಚು ಹತ್ತಿತು. ಆ ಗುಳ್ಳೆ ತುಂಬಿದ ದಿನ ನೋಡಿರಲಿಲ್ಲ. ಆ ದಿನದ ಹಿಂದಿನ ಸಂಜೆ ಊರಿನಿಂದ ಅಣ್ಣನ ಫೋನು ಬಂದಿತ್ತು. ಕಾಲೇಜಿನ ರಜೆಗೆ ಹುಡುಗಿಯನ್ನು ತನ್ನ ಮನೆಗೆ ಕರೆಸಿಕೊಳ್ಳುವುದಾಗಿ ಹೇಳಿದ್ದವನು ಈ ವರ್ಷವೂ ಏನೋ ನೆಪ ತೆಗೆದಿದ್ದ. ಇವನಿಗೆ ಕೋಪ ಬಂತು. ಅಣ್ಣನ ಮುಂದೆ ಕೋಪ ತೋರಿಸಿ ಅಭ್ಯಾಸವಿಲ್ಲ, ತಮಾಷೆ ಮಾಡಿದ. "ನಿಂಗೇನಣ್ಣ, ದೂರದ ಬೆಟ್ಟ. ಇಲ್ಲಿ ಸಾಕೀ ಸಾಕೀ ಸಾಕಾಗಿಹೋಗಿದೆ ನಂಗೆ." ಮಾತು ಚೆನ್ನಾಗಿ ಕೂತಿತು ಎಂದು ತಾನೇ ನಕ್ಕ, ಅಣ್ಣನೂ ಆ ಕಡೆಯಿಂದ ನಕ್ಕ. ತಿರುಗಿದರೆ ಇಣುಕಿ ನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸಂದಿನಲ್ಲಲ್ಲ, ಬಾಗಿಲ ನಡುಮಧ್ಯೆ. ಲೋಟ ಮೇಜಿನ ಮೇಲಿಟ್ಟಳು. ಒಂದು ಹನಿಯೂ ತುಳುಕಲಿಲ್ಲ. ಅವಳು ಕೂಗಾಡಿದ್ದರೆ ಅವನು ಸಮಾಧಾನ ಮಾಡುತ್ತಿದ್ದ. ಕೂಗಾಡಲಿಲ್ಲ, ಆದ್ದರಿಂದ ಅವಳಿಗೆ ಕೇಳಿಸಿಲ್ಲ ಎಂದು ನಂಬಿಕೊಳ್ಳುವುದು ಸುಲಭವಾಯಿತು. ಮರುದಿನ ಕಚೇರಿಯಲ್ಲಿ ಕೊನೆಯ ಪುಟ ಅವನ ಮುಂದೆ ಬಂತು. 'ಇವಳನ್ನು ಸಾಕು.' ಆ ಎರಡು ಪದ ಅವನಿಗೇ ಯಾರೋ ಬೈದ ಹಾಗಿದ್ದವು. ಮೊದಲ ಪದ ಅಳಿಸಿದ. ಉಳಿದ ಪದ ದೊಡ್ಡದಾಗಿ, ಗುಳ್ಳೆಯ ನಟ್ಟನಡುವೆ, ಸುತ್ತ ಬಿಳಿ ಇಟ್ಟುಕೊಂಡು ಕೂತಿತು. ಎಷ್ಟು ಹಾಯಾಗಿ ಕೂತಿತ್ತು! ಉಸಿರು ಬಿಟ್ಟ ಹಾಗೆ. ಆ ಹಾಯಿ ತನ್ನದು ಎಂದು ಅವನಿಗೆ ಆಗ ಗೊತ್ತಿರಲಿಲ್ಲವೇ? ಈಗ ಅವನು ಅಕ್ಷರಗಳನ್ನು ಒಂದೊಂದಾಗಿ ಒತ್ತಿದ. ಇ-ವ-ಳ-ನ್ನು. ಅಕ್ಷರದ ಗಾತ್ರ ಒಂದು ಮೆಟ್ಟಿಲು ಇಳಿಸಿದ, ಅಷ್ಟೇ. ಎರಡು ಸಾಲಾಗಿ, ಒತ್ತಿಗೂ ಗುಡಿಸಿಗೂ ಜಾಗ ಬಿಟ್ಟು, ಮೂಳೆ ಮುರಿಯದೆ ಮಾತು ಇಳಿದು ಕೂತಿತು. ಇನ್ನೂ ಜಾಗ ಮಿಕ್ಕಿತ್ತು. ಅಂಚಿನ ನೆರಳು ಆ ಕ್ಷಣವೇ ಹೆಂಗಸಾಗಿ ಎದ್ದು ನಿಂತಿತು. ಮಂಜಿನಲ್ಲಿದ್ದ ಹುಡುಗಿ ಒಬ್ಬಳೇ ಹೋಗುತ್ತಿರಲಿಲ್ಲ, ಕಾಯುತ್ತಿದ್ದವಳ ಕಡೆಗೆ ಹೋಗುತ್ತಿದ್ದಳು.

"ಮೇಡಂ, ಕೊನೇ ಗುಳ್ಳೆ ಸರಿ ಮಾಡಬೇಕು," ಎಂದು ಸಂಪಾದಕಿಯ ಬಾಗಿಲಲ್ಲಿ ನಿಂತು ಹೇಳುವಾಗ ಅವನ ಸ್ವರ ಶಾಲೆಯ ಹುಡುಗನದಂತೆ ತೆಳುವಾಗಿತ್ತು. ಅವಳು ಕೇಳಿಸಿಕೊಂಡಳು, ತನ್ನ ಪರದೆಯಲ್ಲಿ ಆ ಪುಟ ತೆರೆದು ನೋಡಿದಳು, ಒಂದು ಕ್ಷಣ ಅವಳ ಮುಖವೂ ಬಿಳಿಚಿತು. ಆಮೇಲೆ ಕುರ್ಚಿಗೆ ಒರಗಿ, "ಬೇಡ," ಎಂದಳು. "ತಪ್ಪಿದೆ ಮೇಡಂ." "ತಪ್ಪೇ ಇರಲಿ. ಜನ ಅತ್ತು ಮುಗಿಸಿದಾರೆ ಕಣ್ರೀ. ಈಗ ಮನೆಮನೆಗೆ ಹೋಗಿ ನಿಮ್ಮ ಕಣ್ಣೀರು ತಪ್ಪು, ವಾಪಸ್ ಕೊಡಿ ಅನ್ನೋಣ್ವಾ? ಪುಸ್ತಕ ಅವರಿಗೆ ತೃಪ್ತಿ ಕೊಟ್ಟಿದೆ. ಆ ಕೊನೆ ಈಗ ನಮ್ಮದಲ್ಲ, ಅವರದು." "ಒಬ್ಬಳು ಅಪ್ಪಣೆ ಸಿಕ್ತು ಅಂದಿದಾಳೆ." "ಎಷ್ಟು ಚೆನ್ನಾಗಿ ಅಂದಿದಾಳೆ!" ಎಂದಳು ಸಂಪಾದಕಿ. ಆಮೇಲೆ ಅವನನ್ನು ಸರಿಯಾಗಿ ನೋಡಿ, "ಯಾಕ್ರೀ, ಹುಷಾರಿಲ್ವಾ? ಮನೆಗೆ ಹೋಗಿ. ಕಡತ ನಾನು ಕಳಿಸ್ತೀನಿ. ಮುಟ್ಟಬೇಡಿ ಅದನ್ನ," ಎಂದಳು.

ಮೆಟ್ಟಿಲಲ್ಲಿ ನಿಂತು ಇಣುಕಿಗೆ ಫೋನು ಮಾಡಿದ. ರಿಂಗಾಗುತ್ತಲೇ ಇತ್ತು. ಮತ್ತೆ ಮಾಡಿದ. ಆಮೇಲೆ ಹೆಂಡತಿಗೆ. ಅವಳು ಔಷಧಿ ಅಂಗಡಿಯ ಕೌಂಟರಿನಲ್ಲಿದ್ದಳು. ಹಿಂದೆ ಯಾರೋ ಕೆಮ್ಮಿನ ಸಿರಪ್ ಕೇಳುತ್ತಿದ್ದರು. "ಮನೇಲೇ ಇರ್ತಾಳೆ ಕಣ್ರೀ, ಇವತ್ತು ಕ್ಲಾಸಿಲ್ಲ ಅವಳಿಗೆ. ಯಾಕೆ?" ಎಂದಳು. "ಏನಿಲ್ಲ. ಫೋನ್ ಎತ್ತುತ್ತಿಲ್ಲ." "ಮಲಗಿರಬೇಕು. ಅಂದಹಾಗೆ ಕೇಳಿ, ಬೆಳಿಗ್ಗೆ ತನ್ನ ಓಲೆ ಬಿಚ್ಚಿ ನಂಗೆ ಹಾಕಿದಳು. ಅಕ್ಕನ ಓಲೆ, ಅದೇ. 'ಇಟ್ಕೊಳ್ಳಿ ಅತ್ತೆ, ನಿಮಗೇ ಚೆನ್ನಾಗಿ ಕಾಣತ್ತೆ' ಅಂದಳು. ನಾನು ಬೇಡ ಅಂದೆ, ಕೇಳಲೇ ಇಲ್ಲ. ಇಲ್ಲಿ ಬಂದವರೆಲ್ಲ ಚೆನ್ನಾಗಿದೆ ಅಂತಿದಾರೆ. ಹಲೋ? ಇದೀರಾ?" ಅವನು ಇದ್ದ. "ನೀನೂ ಮನೆಗೆ ಹೊರಡು," ಎಂದ. "ಏನಾಯ್ತು ಹೇಳ್ರೀ." "ಹೊರಡು ಅಂದೆನಲ್ಲ."

ಬಸ್ಸು ಕೈಕೊಟ್ಟಿತು. ಸಿಗ್ನಲ್ಲಿನಲ್ಲಿ ನಿಂತದ್ದು ಏಳಲೇ ಇಲ್ಲ. ಅವನು ಇಳಿದು ನಡೆದ, ಆಮೇಲೆ ಓಡಿದ. ಅವನು ಓಡಿ ಎಷ್ಟೋ ವರ್ಷವಾಗಿತ್ತು. ಅಂಗಡಿಯ ಗಾಜುಗಳಲ್ಲಿ ತನ್ನ ಜೊತೆಗೇ ಓಡುತ್ತಿದ್ದ ದೊಡ್ಡ ಹೊಟ್ಟೆಯ ಮನುಷ್ಯನನ್ನು ಕಂಡು, ಇಂಥ ಹೊತ್ತಿನಲ್ಲೂ ನಾಚಿಕೆಯಾಯಿತು. ಏನೂ ಆಗಿರುವುದಿಲ್ಲ. ಹೋಗಿ ನೋಡಿದರೆ ಅವಳು ಕಿವಿಗೆ ಹಾಡು ಸಿಕ್ಕಿಸಿಕೊಂಡು ಮಲಗಿರುತ್ತಾಳೆ, "ಏನ್ ಮಾವ, ಕಚೇರಿಯಿಂದ ಓಡಿಸಿದ್ರಾ?" ಎನ್ನುತ್ತಾಳೆ. ಆಗ ಹೇಳಬೇಕು. ಏನಂತ ಹೇಳುವುದು? ಅದು ಕಲೆಯಲ್ಲ ಕಣೇ, ಅಲ್ಲೊಬ್ಬಳು ನಿಂತಿದ್ದಾಳೆ ಎಂದು. ಹಾಗಾದರೆ ಯಾಕೆ ಮುಚ್ಚಿಟ್ಟಿರಿ ಎಂದರೆ? ಜಾಗ ಇರಲಿಲ್ಲ ಎನ್ನಬಹುದು. ಗುಳ್ಳೆ ಸಣ್ಣದಾಯಿತು ಎನ್ನಬಹುದು. ಓಡುತ್ತ ಓಡುತ್ತ ಅವನ ಮನಸ್ಸು ಮೂರನೆಯ ಸುಳ್ಳನ್ನು ಆಗಲೇ ಜೋಡಿಸಿ, ಗಾತ್ರ ಇಳಿಸಿ, ಅಂದವಾಗಿ ಕೂರಿಸುತ್ತಿತ್ತು.

ಬಾಗಿಲಿಗೆ ಬೀಗ ಇರಲಿಲ್ಲ. ಸುಮ್ಮನೆ ಮುಂದೆ ಮಾಡಿತ್ತು. ಮನೆ ಎಂದೂ ಇಲ್ಲದಷ್ಟು ಚೊಕ್ಕಟವಾಗಿತ್ತು. ಅವಳ ಕೋಣೆಯಲ್ಲಿ ಹೊದಿಕೆ ಮಡಿಸಿತ್ತು, ಚಪ್ಪಲಿ ಜೋಡಿಸಿ ಗೋಡೆಗೆ ಒರಗಿಸಿತ್ತು, ಫೋನು ದಿಂಬಿನ ಮೇಲೆ ಮಗುಚಿ ಬಿದ್ದಿತ್ತು. ಗೋಡೆಯ ಹಲಗೆಯ ಮೇಲೆ ದೀಪದ ಮುದುಕನ ಸಂಪುಟಗಳೆಲ್ಲ ಬಲದಿಂದ ಎಡಕ್ಕೆ ಕ್ರಮವಾಗಿ ನಿಂತಿದ್ದವು. ಎಡತುದಿಯಲ್ಲಿ ಒಂದು ಪುಸ್ತಕದ ಜಾಗ ಖಾಲಿ. ಆ ಒಂದು ಪುಸ್ತಕ ಅವನ ಮೇಜಿನ ಮೇಲಿತ್ತು, ಕೊನೆಯ ಪುಟ ಮೇಲಾಗಿ ತೆರೆದು. ಪಕ್ಕದಲ್ಲಿ ಅವನ ಹಳೆಯ ಬಿಳಿ ಬಣ್ಣದ ಶೀಶೆ. ಕಂಪ್ಯೂಟರು ಬರುವ ಮೊದಲು ಕೈಯಲ್ಲೇ ಗುಳ್ಳೆ ಅಳಿಸುತ್ತಿದ್ದ ಕಾಲದ್ದು, ನೀರು ಹಾಕಿ ಕಲಕಿದ್ದಳು. ಸಣ್ಣ ಕುಂಚವನ್ನು ತೊಳೆದು ಇಟ್ಟಿದ್ದಳು. ಪುಟದಲ್ಲಿ ಮುದುಕ ಇದ್ದ, ಗುಳ್ಳೆ ಇತ್ತು, ಗುಳ್ಳೆಯಲ್ಲಿ ಆ ಪದ ಇತ್ತು, ಮಂಜಿನಲ್ಲಿ ಹುಡುಗಿಯ ಬೆನ್ನಿತ್ತು. ಎಡಗಡೆ ಅಂಚು ಬೆಳ್ಳಗಿತ್ತು. ಮಾವ ಕಲೆ ಎಂದದ್ದನ್ನು ಅವಳು ತೆಗೆದಿದ್ದಳು. ಗೆರೆ ದಾಟದೆ, ಮಂಜಿನ ಬಿಳುಪಿಗೆ ಸರಿಯಾಗಿ, ಅವನೇ ಕಲಿಸಿದ ಹಾಗೆ ಮೇಲಿನಿಂದ ಕೆಳಕ್ಕೆ ಎಳೆದು ಅಳಿಸಿದ್ದಳು. ಇಷ್ಟು ಒಳ್ಳೆಯ ಕೆಲಸ ಎಂದು ಕೈ ತಾನಾಗಿ ಮುಂದೆ ಹೋಗಿ ಮುಟ್ಟಿತು. ಬೆರಳಿಗೆ ಬಿಳಿ ಹತ್ತಿತು. ಇನ್ನೂ ಹಸಿಯಿತ್ತು.

ಮಹಡಿಯ ಮೆಟ್ಟಿಲನ್ನು ಅವನು ಹೇಗೆ ಹತ್ತಿದನೋ. ಕಬ್ಬಿಣದ ಬಾಗಿಲು ತೆರೆದಿತ್ತು. ಇಳಿಬಿಸಿಲು ಅವನ ಬೆನ್ನ ಹಿಂದಿನಿಂದ ಬಿದ್ದು ತಾರಸಿ ಇಡೀ ಹಳದಿಯಾಗಿತ್ತು. ಬಟ್ಟೆಯ ತಂತಿ, ನೀರಿನ ಟ್ಯಾಂಕು, ಯಾರೋ ಮರೆತ ಒಂದು ಕ್ಲಿಪ್ಪು. ಆ ತುದಿಯ ಮೋಟುಗೋಡೆಯ ಮೇಲೆ ಇಣುಕಿ ಕೂತಿದ್ದಳು. ಬೆನ್ನು ಈ ಕಡೆಗೆ. ಕಾಲು ಆ ಕಡೆಗೆ. ಕೈಗಳೆರಡನ್ನೂ ಅಕ್ಕಪಕ್ಕ ಗೋಡೆಗೆ ಊರಿದ್ದಳು. ಅವಳ ಮುಂದೆ ಆಕಾಶ ಬೆಳ್ಳಗೆ, ಗೆರೆಯೇ ಇಲ್ಲದೆ ಹಬ್ಬಿತ್ತು. ಅವನು ಎಷ್ಟೋ ಸಲ ನೋಡಿದ ಬೆನ್ನು ಅದು. ಪುಸ್ತಕದಲ್ಲಿ ಅದರ ಸುತ್ತಲಿನ ಬಿಳಿಯನ್ನು ಅಳೆದು ನೋಡಿ ಮೆಚ್ಚಿಕೊಂಡವನು ಅವನು. ಕೂಗಬೇಕೆಂದು ಬಾಯಿ ತೆರೆದ. ಉಸಿರು ಸಿಗಲಿಲ್ಲ. ಸಿಕ್ಕಿದ ಉಸಿರಿನಲ್ಲಿ ಒಂದೇ ಪದಕ್ಕೆ ಜಾಗವಿತ್ತು. ಯಾವ ಪದ? ಬೇಡ ಎಂದರೆ ಬೆಚ್ಚಿಬಿದ್ದಾಳು. ಹೆಸರು ಹಿಡಿದು ಕರೆದರೂ ಬೆಚ್ಚಿಯಾಳು. ಎದೆಯಲ್ಲಿ ಏರಿ ಬರುತ್ತಿದ್ದದ್ದು ಆ ಪದವೇ ಆಗಿಬಿಟ್ಟರೆ ಎಂದು ಹೆದರಿ ಹಲ್ಲು ಕಚ್ಚಿ ನಿಂತ. ಎರಡು ಹೆಜ್ಜೆ ಮುಂದಿಟ್ಟ. ಬೆನ್ನ ಹಿಂದಿನ ಬಿಸಿಲಿಗೆ ಅವನ ನೆರಳು ಉದ್ದುದ್ದ ಚಾಚಿ, ತಾರಸಿ ದಾಟಿ, ಮೋಟುಗೋಡೆ ಹತ್ತಿ, ಅವಳ ಎಡಗೈಯ ಪಕ್ಕಕ್ಕೆ ಹೋಗಿ ನಿಂತಿತು.

ಅವಳು ತಿರುಗಲಿಲ್ಲ. ತಲೆ ಮಾತ್ರ ಸ್ವಲ್ಪ ಬಗ್ಗಿ ಎಡಕ್ಕೆ ವಾಲಿತು, ಚಿತ್ರದ ಮೂಲೆ ನೋಡುವಾಗ ವಾಲುವ ಹಾಗೆ.

"ಇದು ಯಾರದು?" ಎಂದಳು.

"ನಂದು," ಎಂದ.

"ಕಲೆ ಅಲ್ವಾ?"

"ಅಲ್ಲ. ಬೆಳಿಗ್ಗೆ ಸುಳ್ಳು ಹೇಳಿದೆ. ಅಲ್ಲಿ ಒಬ್ರು ನಿಂತಿದ್ರು ಕಣೇ. ಅವರಿಗೆ ಹೇಳಿದ ಮಾತು ಅದು. ಜಾಗ ಇತ್ತು. ನಾನು ಬಿಟ್ಟೆ."

ಗೋಡೆಗೆ ಊರಿದ ಬೆರಳುಗಳು ಬಿಳಿಚಿದ್ದವು, ಅಥವಾ ಬಣ್ಣ ಹತ್ತಿತ್ತೋ, ಅಷ್ಟು ದೂರದಿಂದ ಅವನಿಗೆ ಗೊತ್ತಾಗಲಿಲ್ಲ. ಇನ್ನೊಂದು ಹೆಜ್ಜೆ ಇಡಲೇ ಎಂದುಕೊಂಡ. ಇಟ್ಟರೆ ನೆರಳು ಅವಳ ಪಕ್ಕದಿಂದ ಸರಿದುಹೋಗಬಹುದೆಂದು ಹಾಗೇ ನಿಂತ. ಅಲ್ಲಾಡದೆ, ಸೊಂಟದ ಮೇಲೆ ಕೈಯಿಟ್ಟುಕೊಂಡು, ಅಳಿಸಿಹೋದ ಆ ಹೆಂಗಸು ನಿಂತಿದ್ದ ಹಾಗೆಯೇ ನಿಂತ. ಕೆಳಗೆ ಮೆಟ್ಟಿಲಿನಲ್ಲಿ ಹೆಂಡತಿಯ ಚಪ್ಪಲಿಯ ಸದ್ದು ಏರಿಬರುತ್ತಿತ್ತು. ಇಣುಕಿಯ ಎಡಗೈ ಗೋಡೆಯ ಮೇಲೆ ಒಂದಿಷ್ಟು ಸರಿದು ನೆರಳಿನೊಳಕ್ಕೆ ಬಂತು, ಅಲ್ಲೇ ಉಳಿಯಿತು. ಅವನ ಬೆನ್ನ ಹಿಂದೆ ಬಿಸಿಲು ಇಳಿಯುತ್ತಿತ್ತು.